ಫ್ರಾನ್ಸ್ ದೇಶದ ಕಂಚಿನ ಮೃಗಗಳು

ಸಂಗ್ರಹಬುದ್ಧಿಯು ಮನುಷ್ಯನಿಗೆ ಸಹಜವಾದುದು. ಒಬ್ಬನು ಹಳೆಯ ನಾಣ್ಯಗಳನ್ನು ಕೂಡಿಡುತ್ತಾನೆ, ಇನ್ನೊಬ್ಬನು ಅಂಚೆಚೀಟಿಗಳನ್ನು, ಮತ್ತೊಬ್ಬನು ತಾಳೆಯೋಲೆಯ ಗ್ರಂಥಗಳನ್ನು. ವಸ್ತುಗಳು ಬೇರೆಬೇರೆಯಾದರೂ ಸಂಗ್ರಹಕಾರನ ಮುಂದೆ ನಿಲ್ಲುವ ಪ್ರಶ್ನೆ ಮಾತ್ರ ಒಂದೇ. ಕೈಯಲ್ಲಿರುವುದು ಮೂಲವೋ, ಮೂಲದ ಪ್ರತಿಯೋ, ಪ್ರತಿಯ ಪ್ರತಿಯೋ? ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸ್ ದೇಶದಲ್ಲಿ ಎರಕವಾದ ಕಂಚಿನ ಮೃಗವಿಗ್ರಹಗಳ ವಿಷಯದಲ್ಲಿ ಈ ಪ್ರಶ್ನೆಯು ಎಷ್ಟು ಮುಖ್ಯವೋ ಅಷ್ಟು ಮತ್ತಾವುದರಲ್ಲಿಯೂ ಇಲ್ಲವೆಂದು ಹೇಳಬಹುದು. ಆದಕಾರಣ ಆ ವಿಗ್ರಹಗಳ ಚರಿತ್ರೆಯನ್ನೂ ಅವುಗಳನ್ನು ಪರೀಕ್ಷಿಸುವ ಕ್ರಮವನ್ನೂ ವಾಚಕರ ಮುಂದೆ ಇಡಬೇಕೆಂದು ಬಗೆದಿದ್ದೇವೆ.

ನಮ್ಮ ನಾಡಿನ ಗೃಹಸ್ಥರಿಗೆ ಇದರಿಂದೇನು ಪ್ರಯೋಜನವೆಂದು ಕೇಳುವವರು ಉಂಟು. ಈಗ ನಮ್ಮವರ ಮಕ್ಕಳು ಮೊಮ್ಮಕ್ಕಳು ದೇಶಾಂತರಗಳಲ್ಲಿ ನೆಲೆಸಿದ್ದಾರೆ. ಹಳೆಯ ಸಾಮಾನಿನ ಅಂಗಡಿಯಲ್ಲೋ ಹರಾಜಿನಲ್ಲೋ ಒಂದು ಕಂಚಿನ ಕುದುರೆಯನ್ನು ಕಂಡು, ಚೆಲುವಿಗೆ ಮನಸೋತು, ಹಣ ತೆತ್ತು ಮನೆಗೆ ತರುತ್ತಾರೆ. ತಂದ ಮೇಲೆ ಅದು ಕಂಚೋ ಸತುವೋ, ಶಿಲ್ಪಿಯದೋ ಸೋಗಿನದೋ ಎಂಬ ಸಂದೇಹವು ಹುಟ್ಟುತ್ತದೆ. ಸಂದೇಹವು ಹಣ ಕೊಡುವುದಕ್ಕೆ ಮೊದಲೇ ಹುಟ್ಟುವುದು ಒಳ್ಳೆಯದು. ಇದು ಒಂದು ಪ್ರಯೋಜನ. ಕಣ್ಣಿಟ್ಟು ನೋಡುವ ಅಭ್ಯಾಸವೆಂಬ ಇನ್ನೊಂದು ಪ್ರಯೋಜನವು ಹಣವಿಲ್ಲದವರಿಗೂ ದೊರೆಯತಕ್ಕದ್ದಾಗಿದೆ.

ಇವು ಪೂಜಾವಿಗ್ರಹಗಳಲ್ಲ, ಬೀದಿಯ ಚೌಕದಲ್ಲಿ ನಿಲ್ಲಿಸುವ ಮಹಾಪ್ರತಿಮೆಗಳೂ ಅಲ್ಲ. ಬಹುಮಟ್ಟಿಗೆ ಗೇಣುದ್ದದಿಂದ ಮೊಳದುದ್ದದವರೆಗಿನ ಸಣ್ಣ ಶಿಲ್ಪಗಳು. ಮೇಜಿನ ಮೇಲೆ, ಪುಸ್ತಕದ ಕಪಾಟಿನ ಮೇಲೆ, ಚಳಿಯ ದೇಶದ ಮನೆಗಳಲ್ಲಿ ಅಗ್ಗಿಷ್ಟಿಕೆಯ ಮೇಲಣ ಹಲಗೆಯ ಮೇಲೆ ಇಡುವುದಕ್ಕಾಗಿ ಮಾಡಿದವು. ಸಿಂಹ, ಹುಲಿ, ಜಿಂಕೆ, ಬೇಟೆನಾಯಿ, ಕುದುರೆ, ಹೋರಿ, ಕರಡಿ, ಹಕ್ಕಿ ಇವೇ ಅವುಗಳ ವಸ್ತು. ಇವನ್ನು ಮಾಡಿದವರಿಗೆ ಫ್ರೆಂಚ್ ಭಾಷೆಯಲ್ಲಿ ‘ಆನಿಮಾಲಿಯೆ’ ಎಂದು ಹೆಸರು; ‘ಪ್ರಾಣಿಶಿಲ್ಪಿಗಳು’ ಎಂದು ನಾವು ಕನ್ನಡಿಸಬಹುದು. ಈ ಹೆಸರನ್ನು ಮೊದಲು ಇಟ್ಟವರು ವಿಮರ್ಶಕರು. ಇಟ್ಟದ್ದು ಗೌರವದಿಂದಲ್ಲ, ತಾತ್ಸಾರದಿಂದ. ದೇವತೆಗಳನ್ನೂ ವೀರರನ್ನೂ ಕಡೆಯುವುದೇ ಶಿಲ್ಪವೆಂದು ನಂಬಿದ್ದ ಆ ಕಾಲದಲ್ಲಿ ಬರಿಯ ಮೃಗವನ್ನು ಮಾಡುವವನು ಕೀಳು ಪಂಕ್ತಿಯವನೆಂದು ಎಣಿಕೆಯಾಗಿತ್ತು. ಕಾಲಕ್ರಮದಲ್ಲಿ ಆ ಬೈಗುಳವೇ ಬಿರುದಾಯಿತು.

ಬಾರೀ ಎಂಬ ಆಚಾರ್ಯ

ಈ ಸಂಪ್ರದಾಯಕ್ಕೆ ಮೂಲಪುರುಷನು ಆಂತ್ವಾನ್ ಲೂಯಿ ಬಾರೀ. ಇವನು ೧೭೯೫ರಲ್ಲಿ ಪ್ಯಾರಿಸ್ ಪಟ್ಟಣದ ಒಬ್ಬ ಅಕ್ಕಸಾಲಿಯ ಮಗನಾಗಿ ಹುಟ್ಟಿದನು. ಬಾಲ್ಯದಲ್ಲಿಯೇ ಲೋಹದ ಕೆತ್ತನೆಯನ್ನು ಕಲಿತು, ೧೮೧೨ರಲ್ಲಿ ನೆಪೋಲಿಯನ್ನನ ಸೈನ್ಯಕ್ಕೆ ಸೇರಬೇಕಾಗಿ ಬಂದು, ಮರಳಿದ ಬಳಿಕ ಶಿಲ್ಪವನ್ನು ಬೊಸಿಯೋ ಎಂಬವನಲ್ಲಿಯೂ ಚಿತ್ರವನ್ನು ಗ್ರೋ ಎಂಬವನಲ್ಲಿಯೂ ಅಭ್ಯಾಸಮಾಡಿದನು. ೧೮೨೩ರಿಂದ ಎಂಟು ವರ್ಷಗಳ ಕಾಲ ಫೋಕೊನಿಯೆ ಎಂಬ ಅಕ್ಕಸಾಲಿಯ ಅಂಗಡಿಯಲ್ಲಿ ಕೂಲಿಗೆ ದುಡಿದನು. ಪ್ಯಾರಿಸ್ಸಿನಲ್ಲಿ ‘ಝಾರ್ದ್ಯಾಂ ದೆ ಪ್ಲಾಂತ್’ ಎಂಬ ಸಸ್ಯೋದ್ಯಾನವಿದೆ. ಅದಕ್ಕೆ ಸೇರಿದಂತೆ ಒಂದು ಮೃಗಾಲಯವೂ ಉಂಟು. ಬಾರೀಯು ಅಲ್ಲಿಗೆ ಹೋಗಿ ಬೋನಿನ ಮುಂದೆ ನಿಂತು ಮೃಗಗಳನ್ನು ಬರೆಯುತ್ತಿದ್ದನು. ಆ ಯುಗದ ಮಹಾಚಿತ್ರಕಾರನಾದ ದೆಲಾಕ್ರುವಾ ಎಂಬವನು ಇವನಿಗೆ ಜತೆಗಾರ. ಮೃಗಾಲಯದ ಸಿಂಹವೊಂದು ಸತ್ತಾಗ, ತಡಮಾಡದೆ ಬರಬೇಕೆಂದು ದೆಲಾಕ್ರುವಾ ಬಾರೀಗೆ ಓಲೆ ಬರೆದುದುಂಟು. ಸತ್ತ ಮೃಗದ ಚರ್ಮವನ್ನು ಬಿಡಿಸಿ, ಮಾಂಸಖಂಡವು ಎಲುಬಿಗೆ ಎಲ್ಲಿ ಅಂಟಿಕೊಂಡಿದೆ, ಕಾಲಿನ ಉದ್ದಕ್ಕೂ ಬೆನ್ನಿನ ಉದ್ದಕ್ಕೂ ಇರುವ ಪ್ರಮಾಣವೇನು ಎಂಬುದನ್ನು ಅಂಗುಲಾಂಗುಲವಾಗಿ ಅಳೆದು ಬರೆದುಕೊಳ್ಳುವುದೇ ಅವರ ಉದ್ದೇಶವಾಗಿತ್ತು. ಗಜಶಾಸ್ತ್ರ, ಅಶ್ವಶಾಸ್ತ್ರಗಳನ್ನು ಬರೆದ ನಮ್ಮ ಪೂರ್ವಿಕರಿಗೆ ಈ ಬಗೆಯ ಶ್ರಮವು ಅಪರಿಚಿತವಲ್ಲ.

ಈ ಅಭ್ಯಾಸದ ಫಲವು ೧೮೩೧ರಲ್ಲಿ ಲೋಕಕ್ಕೆ ಕಂಡಿತು. ‘ಸಲೋನ್’ ಎಂಬ ಸರಕಾರದ ಕಲಾಪ್ರದರ್ಶನದಲ್ಲಿ ಬಾರೀಯು ಮೊಸಳೆಯನ್ನು ಕಚ್ಚಿ ತಿನ್ನುತ್ತಿರುವ ಹುಲಿಯ ಶಿಲ್ಪವನ್ನು ಇಟ್ಟನು. ಆ ಮೊಸಳೆಯು ನಮ್ಮ ಗಂಗಾನದಿಯ ಘರಿಯಾಲ್, ಅಂದರೆ ಉದ್ದವಾದ ಸಪೂರ ಮೂತಿಯ ಮೊಸಳೆ; ಅದರ ದೇಶೀಯ ನಾಮವೇ ಫ್ರೆಂಚ್ ಭಾಷೆಗೆ ‘ಗಾವಿಯಾಲ್’ ಎಂದಾಗಿ ಹೋಗಿದೆ. ಪ್ಯಾರಿಸ್ಸಿನ ಬೋನಿನ ಮುಂದೆ ನಿಂತು ಮೃಗಗಳನ್ನು ಅರಿತವನು ಹುಲಿಯ ಬೆನ್ನಿನ ಬಿಗುವನ್ನೂ ಮೊಸಳೆಯ ಮೈಯ ತಿರುಚನ್ನೂ ಹಾಗೆ ತೋರಿಸಿದುದು ನೋಡಿದವರಿಗೆ ಆಶ್ಚರ್ಯವನ್ನುಂಟುಮಾಡಿತು. ೧೮೩೩ರಲ್ಲಿ ಹಾವನ್ನು ಮೆಟ್ಟಿನಿಂತ ಸಿಂಹವನ್ನು ಗಚ್ಚಿನಲ್ಲಿ ಮಾಡಿ ತೋರಿಸಿದನು. ಒನೊರೆ ಗೊನೋಂ ಎಂಬ ಎರಕಗಾರನು ಅದನ್ನು ಮೇಣದ ವಿಧಾನದಿಂದ ಕಂಚಿನಲ್ಲಿ ಎರೆದನು. ಅದು ತ್ಯೂಲರಿ ಎಂಬ ರಾಜೋದ್ಯಾನದಲ್ಲಿ ಬಹುಕಾಲ ನಿಂತಿದ್ದು, ಈಗ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ.

ಕೀರ್ತಿಯ ಬೆನ್ನಿಗೆ ಅವಮಾನವೂ ಬಂದಿತು. ರಾಜಕುಮಾರನಾದ ಓರ್ಲೆಯಾಂ ಪ್ರಭುವು ತನ್ನ ಭೋಜನದ ಮೇಜಿನ ಅಲಂಕಾರಕ್ಕಾಗಿ ಬೇಟೆಯ ದೃಶ್ಯಗಳನ್ನು ಮಾಡಿಕೊಡಬೇಕೆಂದು ಬಾರೀಗೆ ಹೇಳಿದ್ದನು. ಅದರ ನಡುವಣ ಶಿಲ್ಪವು ಆನೆಯ ಮೇಲೆ ಕುಳಿತ ಭಾರತೀಯರು ಹುಲಿಯನ್ನು ಬೇಟೆಯಾಡುವುದು. ವರ್ಷಗಟ್ಟಲೆ ಶ್ರಮಪಟ್ಟು ಮಾಡಿದ ಈ ಶಿಲ್ಪಗಳನ್ನು ೧೮೩೭ರ ಸಲೋನಿನ ಪರೀಕ್ಷಕರು, ಇದು ಅಕ್ಕಸಾಲಿಯ ಕೆಲಸವೇ ಹೊರತು ಶಿಲ್ಪವಲ್ಲವೆಂಬ ಭಾವದಿಂದ ತಿರಸ್ಕರಿಸಿದರು. ಬಾರೀಯು ಮಾತಾಡದೆ ಹಿಂದೆ ಸರಿದನು. ಆಮೇಲೆ ೧೮೫೦ರ ತನಕ ಸಲೋನಿಗೆ ಒಂದು ಕೃತಿಯನ್ನೂ ಕಳುಹಿಸಲಿಲ್ಲ. ಆ ಹುಲಿಬೇಟೆಯು ಈಗ ಅಮೇರಿಕೆಯ ಬಾಲ್ಟಿಮೋರ್ ಪಟ್ಟಣದ ವಾಲ್ಟರ್ಸ್ ಕಲಾಸಂಗ್ರಹಾಲಯದಲ್ಲಿದೆ.

ದೊಡ್ಡವರ ಬಾಗಿಲು ಮುಚ್ಚಿದುದರಿಂದ ಬಾರೀಯು ಸಾಮಾನ್ಯ ಗೃಹಸ್ಥರ ಬಾಗಿಲಿಗೆ ಹೋದನು. ತಾನೇ ಎರಕದ ಶಾಲೆಯನ್ನು ತೆರೆದು, ಸಣ್ಣ ಶಿಲ್ಪಗಳನ್ನು ಎರೆಯಿಸಿ, ಬೆಲೆಯ ಪಟ್ಟಿಯನ್ನು ಅಚ್ಚುಮಾಡಿಸಿ ಮಾರಲಾರಂಭಿಸಿದನು. ಪ್ರತಿಯೊಂದನ್ನೂ ತಾನೇ ನೋಡಿ ತಿದ್ದಿ ಬಣ್ಣವೇರಿಸದೆ ಬಿಡುತ್ತಿರಲಿಲ್ಲವಾದುದರಿಂದ ಕೆಲಸವು ನಿಧಾನವಾಯಿತು. ಆದಾಯಕ್ಕಿಂತ ವೆಚ್ಚವು ಹೆಚ್ಚಿತು. ೧೮೪೮ರಲ್ಲಿ ಅವನು ದಿವಾಳಿಯಾದನು. ಮಾದರಿಗಳೆಲ್ಲವೂ ಸಾಲಕೊಟ್ಟಿದ್ದ ಎಮಿಲ್ ಮಾರ್ತ್ಯಾಂ ಎಂಬವನ ವಶವಾದುವು. ೧೮೫೭ರಲ್ಲಿ ಅವುಗಳನ್ನು ಮರಳಿ ಪಡೆಯುವವರೆಗೆ, ಬಾರೀಯ ಹೆಸರನ್ನು ಹೊತ್ತ ಮೃಗಗಳು ಬಾರೀಯ ಅಧೀನದಲ್ಲಿಲ್ಲದೆ ಎರಕವಾಗುತ್ತಿದ್ದುವು. ತಾನು ಹೆತ್ತ ಮಕ್ಕಳು ಪರರ ಮನೆಯಲ್ಲಿ ಬೆಳೆಯುವುದನ್ನು ನೋಡುತ್ತ ನಿಂತ ತಂದೆಯ ದುಃಖವನ್ನು ವಾಚಕರು ಊಹಿಸಿಕೊಳ್ಳಬಹುದು. ಅವನ ಕೊನೆಯ ದಿನಗಳು ಮಾತ್ರ ನೆಮ್ಮದಿಯವು. ೧೮೫೪ರಲ್ಲಿ ಪ್ಯಾರಿಸ್ಸಿನ ಪ್ರಾಕೃತಿಕ ಚರಿತ್ರೆಯ ಸಂಗ್ರಹಾಲಯದಲ್ಲಿ ಪ್ರಾಣಿಚಿತ್ರಣದ ಉಪಾಧ್ಯಾಯನಾದನು. ಮುಂದೆ ಜಗತ್ಪ್ರಸಿದ್ಧನಾದ ಶಿಲ್ಪಿ ರೋದಾಂ ಅಲ್ಲಿ ಅವನ ಪಾಠವನ್ನು ಕೇಳಿದವರಲ್ಲೊಬ್ಬನು. ೧೮೬೮ರಲ್ಲಿ ಕಲಾಪರಿಷತ್ತಿನ ಸದಸ್ಯತ್ವವೂ ಬಂದಿತು. ೧೮೭೫ರಲ್ಲಿ ಬಾರೀಯು ತೀರಿಕೊಂಡನು.

ಇತರ ಪ್ರಾಣಿಶಿಲ್ಪಿಗಳು

ಬಾರೀಯು ಮೃಗಗಳ ರೌದ್ರವನ್ನು ಕಂಡರೆ, ಪಿಯೆರ್ ಜೂಲ್ ಮೆನ್ (೧೮೧೦–೧೮೭೯) ಅವುಗಳ ಶಾಂತವನ್ನು ಕಂಡನು. ಎರಡು ಅರಬ್ಬೀ ಕುದುರೆಗಳು ಕೊರಳಿಗೆ ಕೊರಳು ಸೇರಿಸಿ ನಿಂತಿರುವ ‘ಲಕೊಲಾದ್’ ಎಂಬುದು ಅವನ ಪ್ರಸಿದ್ಧ ಕೃತಿ. ಬೇಟೆನಾಯಿಗಳನ್ನು ಮಾಡುವುದರಲ್ಲಿ ಅವನಿಗೆ ಸಮಾನರಿಲ್ಲ. ಅವನ ಅಳಿಯ ಓಗ್ಯೂಸ್ತ್ ಕ್ಯಾಂ ಸಹ ಶಿಲ್ಪಿ. ಮಾವನ ಬಳಿಕ ಎರಕಶಾಲೆಯನ್ನು ನಡೆಸಿದನು. ೧೮೯೪ರಲ್ಲಿ ಅಳಿಯನೂ ತೀರಿಕೊಂಡ ಮೇಲೆ ಮಾದರಿಗಳು ‘ಸ್ಯೂಸ್’ ಸಹೋದರರ ಎರಕಶಾಲೆಗೆ ಸೇರಿದುವು. ಮೆಟ್ಸ್ ಪಟ್ಟಣದಿಂದ ಬಂದ ಕ್ರಿಸ್ತೋಫ್ ಫ್ರಾತ್ಯಾಂ ಎಂಬವನು ಮನುಷ್ಯರಂತೆ ಚೇಷ್ಟೆಮಾಡುವ ಕರಡಿಗಳನ್ನು ಮಾಡಿ ಜನರನ್ನು ನಗಿಸಿದನು. ಜೂಲ್ ಮ್ವಾನ್ಯೆ ಹಕ್ಕಿಗಳಿಗೆ ಹೆಸರಾದವನು. ಪ್ರಖ್ಯಾತ ಚಿತ್ರಕಾರ್ತಿಯಾದ ರೋಸಾ ಬೊನರ್ ಎಂಬಾಕೆಯೂ ಆಕೆಯ ತಮ್ಮನಾದ ಇಸಿದೋರನೂ ದನಕುರಿಗಳನ್ನೂ ಕುದುರೆಗಳನ್ನೂ ಮಾಡಿದರು. ಎಮಾನ್ಯುಯೆಲ್ ಫ್ರೆಮಿಯೆ (೧೮೨೪–೧೯೧೦) ಬಾರೀಯ ಉಪಾಧ್ಯಾಯಪದವಿಗೆ ಉತ್ತರಾಧಿಕಾರಿಯಾದನು.

ಇಪ್ಪತ್ತನೆಯ ಶತಮಾನಕ್ಕೆ ಬಂದರೆ ಎರಡು ಹೆಸರುಗಳನ್ನು ಹೇಳದೆ ಬಿಡಲಾಗದು. ರೆಂಬ್ರಾಂಟ್ ಬುಗಾಟಿ (೧೮೮೪–೧೯೧೬) ಹುಟ್ಟಿನಿಂದ ಇಟಲಿಯವನಾದರೂ ಪ್ಯಾರಿಸ್ಸಿನಲ್ಲಿಯೂ ಆಂಟ್ವರ್ಪಿನ ಮೃಗಾಲಯದಲ್ಲಿಯೂ ಕೆಲಸಮಾಡಿದನು. ಮೋಟಾರುಗಳಿಗೆ ಹೆಸರಾದ ಬುಗಾಟಿಯು ಇವನ ಅಣ್ಣನೇ. ಯುದ್ಧಕಾಲದ ಕಷ್ಟಗಳಿಂದ ಮನನೊಂದು ಮೂವತ್ತೊಂದನೆಯ ವಯಸ್ಸಿನಲ್ಲಿ ಪ್ರಾಣವನ್ನು ತ್ಯಜಿಸಿದನು. ಫ್ರಾನ್ಸ್ವಾ ಪೊಂಪೋಂ (೧೮೫೫–೧೯೩೩) ಬಹುಕಾಲ ರೋದಾಂ ಮೊದಲಾದವರಲ್ಲಿ ಸಹಾಯಕನಾಗಿ ದುಡಿದು, ೧೯೨೨ರಲ್ಲಿ ಅರುವತ್ತೇಳನೆಯ ವಯಸ್ಸಿನಲ್ಲಿ ಒಂದು ಬಿಳಿಯ ಕರಡಿಯಿಂದ ಕೀರ್ತಿಯನ್ನು ಪಡೆದನು. ನಿವೃತ್ತರಾದ ನಮ್ಮಂತಹವರಿಗೆ ಈ ಸಂಗತಿಯು ಸಮಾಧಾನವನ್ನು ತರುತ್ತದೆ.

ಎರಕದ ಕ್ರಮ

ಪರೀಕ್ಷೆಯ ಮಾತಿಗೆ ಬರುವ ಮುನ್ನ ಎರಕದ ಮಾತನ್ನು ತಿಳಿದಿರಬೇಕು. ಮೇಣದ ಬೊಂಬೆಗೆ ಮಣ್ಣನ್ನು ಮೆತ್ತಿ, ಕಾಯಿಸಿ, ಮೇಣವನ್ನು ಹರಿಸಿ, ಆ ಪೊಳ್ಳಿನಲ್ಲಿ ಲೋಹವನ್ನು ಹೊಯ್ಯುವುದು ಪ್ರಾಚೀನವಾದ ಕ್ರಮ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಈ ವಿಧಾನವು ವಿವರವಾಗಿ ಹೇಳಲ್ಪಟ್ಟಿದೆ, ಮೇಣವನ್ನು ತೂಗಿ ಅದಕ್ಕೆ ತಕ್ಕ ಲೋಹವನ್ನು ಲೆಕ್ಕಹಾಕುವ ಬಗೆಯೂ ಅಲ್ಲಿದೆ. ಹೀಗೆ ಎರೆದ ವಿಗ್ರಹದ ಅಚ್ಚು ಒಂದೇ ಸಲಕ್ಕೆ ಒಡೆದುಹೋಗುವುದು. ಗೊನೋಂ ಬಾರೀಯ ಸಿಂಹವನ್ನು ಎರೆದುದೂ ಬುಗಾಟಿಯ ಮೃಗಗಳನ್ನು ಎಬ್ರಾರ್ ಎಂಬವನ ಶಾಲೆಯಲ್ಲಿ ಎರೆದುದೂ ಈ ಕ್ರಮದಿಂದಲೇ.

ಆದರೆ ಗೃಹಸ್ಥರಿಗಾಗಿ ನೂರಾರು ಪ್ರತಿಗಳು ಬೇಕಾದಾಗ ಫ್ರೆಂಚರು ಹೆಚ್ಚಾಗಿ ಮರಳಿನ ಎರಕವನ್ನು ಅನುಸರಿಸಿದರು. ಮೊದಲು ಒಂದು ಕಂಚಿನ ಮಾದರಿಯನ್ನು ಅತ್ಯಂತ ಸ್ಫುಟವಾಗಿ ಸಿದ್ಧಪಡಿಸುವರು. ಅದಕ್ಕೆ ‘ಶೆಫ್ ಮೊದೆಲ್’ ಎಂದು ಹೆಸರು. ನಾವು ‘ಮಾತೃಕೆ’ ಎನ್ನಬಹುದು. ಅದರ ಕಾಲು, ಬಾಲ, ಕೊಂಬುಗಳನ್ನು ಬಿಚ್ಚಿ ಮತ್ತೆ ಜೋಡಿಸುವಂತಿರುವುದು. ಈ ಮಾತೃಕೆಯನ್ನು ನುಣ್ಣನೆಯ ಮರಳಿನಲ್ಲಿ ಒತ್ತಿ ಅಚ್ಚನ್ನು ತೆಗೆದು, ಕರಗಿಸಿದ ಕಂಚನ್ನು ಹೊಯ್ದು, ಭಾಗಗಳನ್ನು ಮೊಳೆಯಿಂದಲೂ ಬೆಸುಗೆಯಿಂದಲೂ ಕೂಡಿಸುವರು. ಅನಂತರ ಕುಶಲನಾದ ಕೆಲಸಗಾರನು ಅರದಿಂದ ಕೀಲುಗಳನ್ನು ನಯಮಾಡಿ, ಸಣ್ಣ ಉಳಿಗಳಿಂದ ಕೂದಲನ್ನೂ ಕಣ್ಣನ್ನೂ ಉಗುರನ್ನೂ ತಿದ್ದುವನು. ಕಡೆಯಲ್ಲಿ ಕಾಯಿಸಿ ಔಷಧದ್ರವಗಳನ್ನು ಬಳಿದು ಕಂದು, ಹಸುರು ಅಥವಾ ಕಪ್ಪು ಬಣ್ಣವನ್ನು ಬರಿಸುವರು. ಮಾತೃಕೆಯು ಒಂದೇ ಆದರೂ ಉಳಿಯ ಕೈ ಹೇಗೋ ಹಾಗೆ ಪ್ರತಿಯ ಗುಣವಿರುವುದು.

ಪಾಠಶುದ್ಧಿಯ ನ್ಯಾಯ

ಒಂದೇ ಸಂಸ್ಕೃತಗ್ರಂಥದ ನಾಲ್ಕಾರು ಓಲೆಪ್ರತಿಗಳನ್ನು ಮುಂದಿಟ್ಟುಕೊಂಡು ಓದಿದವರಿಗೆ ಈ ಕಂಚಿನ ಶಾಸ್ತ್ರವು ಬೇಗನೆ ತಿಳಿಯುವುದು. ಕವಿಯ ಕೈಯ ಓಲೆಯನ್ನು ನೋಡಿ ಬರೆದ ಪ್ರತಿಯಲ್ಲಿ ತಪ್ಪುಗಳು ಕಡಮೆ. ಆ ಪ್ರತಿಯನ್ನು ನೋಡಿ ಬರೆದುದರಲ್ಲಿ ಅಕ್ಷರಗಳು ಜಾರಿರುತ್ತವೆ. ಅದನ್ನೂ ನೋಡಿ ಬರೆದುದರಲ್ಲಿ ಪಂಕ್ತಿಗಳೇ ಬಿಟ್ಟುಹೋಗಿರುತ್ತವೆ. ಮೊದಲ ಪುಟದಲ್ಲಿ ಕವಿಯ ಹೆಸರು ಮಾತ್ರ ಎಲ್ಲದರಲ್ಲಿಯೂ ಸ್ಫುಟವಾಗಿಯೇ ಇರುವುದು! ಕಂಚಿನಲ್ಲಿಯೂ ಹೀಗೆಯೇ. ಮಾತೃಕೆಯಿಂದ ಎರೆದುದು ಮೊದಲ ತಲೆಮಾರು. ಮಾತೃಕೆಯು ಕೈಗೆ ಸಿಕ್ಕದವನು ಅಂಗಡಿಯಲ್ಲಿ ಕೊಂಡ ಪ್ರತಿಯಿಂದಲೇ ಅಚ್ಚನ್ನು ತೆಗೆದು ಎರೆದರೆ ಅದು ಎರಡನೆಯ ತಲೆಮಾರು. ಇಂತಹುದನ್ನು ಫ್ರೆಂಚರು ‘ಸ್ಯುರ್ಮೂಲಾಜ್’ ಎನ್ನುತ್ತಾರೆ. ಅದರ ಮೇಲೆಯೂ ಬಾರೀಯ ಅಂಕಿತವು ಅಚ್ಚಿನೊಡನೆ ತಾನಾಗಿಯೇ ಬಂದಿರುತ್ತದೆ. ಆದಕಾರಣ ಅಂಕಿತವೊಂದನ್ನೇ ನಂಬಿ ಹಣ ಕೊಡುವವನು ಮೋಸಹೋಗುವನು.

ಪರೀಕ್ಷೆಯನ್ನು ಕ್ರಮವಾಗಿ ಹೇಳುವೆವು.

ಮೊದಲನೆಯದು ಲೋಹ. ಕಂಚಿನಲ್ಲಿ ಬಹುಭಾಗ ತಾಮ್ರವಿರುವುದರಿಂದ ಪೀಠದ ಒಳಮಗ್ಗುಲಲ್ಲಿ ಕಾಣದ ಕಡೆ ಕೊಂಚ ಕೆರೆದರೆ ಹೊನ್ನಿನ ಬಣ್ಣವು ತೋರುವುದು. ಸತುವಿನಿಂದ ಮಾಡಿ ಬಣ್ಣ ಬಳಿದ ಅಗ್ಗದ ಬೊಂಬೆಗಳು ಆ ಶತಮಾನದಲ್ಲಿಯೇ ಹೇರಳವಾಗಿ ಬಂದುವು. ಅವುಗಳಲ್ಲಿ ಬೆಳ್ಳಗೆ ಬೂದಿಬಣ್ಣವು ತೋರುವುದು. ಕೆರೆಯುವುದಕ್ಕೆ ಮಾಲಿಕನ ಅನುಮತಿ ಬೇಕೆಂಬುದನ್ನು ಹೇಳಬೇಕಾಗಿಲ್ಲ. ಈಚೆಗೆ ಅಂಟಿನಲ್ಲಿ ಕಂಚಿನ ಪುಡಿಯನ್ನು ಕಲಸಿ ಮಾಡಿದವೂ ಬಂದಿವೆ. ಅವು ಹಗುರ, ಮುಟ್ಟಿದರೆ ಲೋಹದ ತಂಪಿಲ್ಲ.

ಎರಡನೆಯದು ಅಳತೆ. ಕರಗಿದ ಕಂಚು ಆರುವಾಗ ನೂರಕ್ಕೆ ಒಂದೂವರೆ ಎರಡು ಪಾಲಿನಷ್ಟು ಕುಗ್ಗುವುದು. ಆದುದರಿಂದ ಪ್ರತಿಯಿಂದ ತೆಗೆದ ಪ್ರತಿಯು ಗಾತ್ರದಲ್ಲಿ ಚಿಕ್ಕದಾಗಲೇಬೇಕು. ಒಂದು ಅಡಿಯ ವಿಗ್ರಹದಲ್ಲಿ ಸುಮಾರು ಕಾಲಂಗುಲ. ಸಂಗ್ರಹಾಲಯಗಳ ಸೂಚಿಪತ್ರಗಳಲ್ಲಿ ಕೊಟ್ಟ ಅಳತೆಯೊಡನೆ ಹೋಲಿಸಿದರೆ ಕಂಚು ತಾನೇ ಸಾಕ್ಷಿ ನುಡಿಯುವುದು.

ಮೂರನೆಯದು ಗೆರೆ. ಒಳ್ಳೆಯ ಪ್ರತಿಯಲ್ಲಿ ಕೂದಲಿನ ಗೆರೆ, ಮೂಗಿನ ಹೊಳ್ಳೆ, ಕಿವಿಯ ಒಳಮಗ್ಗುಲು ಇವು ಹರಿತವಾಗಿರುತ್ತವೆ. ಕೆಟ್ಟ ಪ್ರತಿಯಲ್ಲಿ ಇವೆಲ್ಲವೂ ಸಾಬೂನಿನ ಬೊಂಬೆಯು ನೀರಿನಲ್ಲಿ ಸವೆದಂತೆ ಮೊಂಡಾಗಿರುತ್ತವೆ. ಅಂಕಿತದ ಅಕ್ಷರಗಳ ಅಂಚನ್ನು ಭೂತಗನ್ನಡಿಯಿಂದ ನೋಡುವುದು ಒಳ್ಳೆಯದು.

ನಾಲ್ಕನೆಯದು ಬಣ್ಣ. ಹಳೆಯ ಬಣ್ಣವು ಲೋಹದೊಡನೆ ಬೆರೆತು ಆಳವಾಗಿ ತೋರುವುದು. ಮುಟ್ಟಿ ಮುಟ್ಟಿ ಸವೆದ ಬೆನ್ನು, ಹಣೆಗಳಲ್ಲಿ ತೆಳ್ಳಗಾಗಿ, ಸಂದುಗಳಲ್ಲಿ ದಟ್ಟವಾಗಿರುವುದು. ಎಲ್ಲ ಕಡೆಯೂ ಒಂದೇ ಸಮನಾಗಿ ಬಳಿದಂತೆ ಇದ್ದರೆ ಸಂದೇಹಪಡಬೇಕು.

ಐದನೆಯದು ಮುದ್ರೆ. ಬಾರೀಯ ಮರಣಾನಂತರ ೧೮೭೬ರಲ್ಲಿ ಪ್ಯಾರಿಸ್ಸಿನ ದ್ರುಓ ಹರಾಜುಮನೆಯಲ್ಲಿ ಅವನ ಮಾದರಿಗಳು ಮಾರಾಟವಾದಾಗ ಅವುಗಳಲ್ಲಿ ಹಲವನ್ನು ಫರ್ದಿನಾಂ ಬಾರ್ಬೆದಿಯೆನ್ ಎಂಬ ಎರಕಶಾಲೆಯವನು ಕೊಂಡನು. ಅವನ ಹೆಸರನ್ನುಳ್ಳ ಪ್ರತಿಗಳು ಬಾರೀಯ ಜೀವಿತಕಾಲದವಲ್ಲ. ಆದರೂ ಮಾತೃಕೆಯಿಂದಲೇ ಬಂದವು, ಅನೇಕವು ಒಳ್ಳೆಯ ಕೆಲಸದವು. ಅವುಗಳಿಗೆ ಅವುಗಳದೇ ಆದ ಮರ್ಯಾದೆಯುಂಟು. ಬಾರೀಯ ಮಗನಾದ ಆಲ್ಫ್ರೆದನೂ ಮೃಗಗಳನ್ನು ಮಾಡುತ್ತಿದ್ದುದರಿಂದ ತಂದೆಮಕ್ಕಳ ಅಂಕಿತಗಳನ್ನು ಬೇರ್ಪಡಿಸಿ ಓದಬೇಕು. ಇನ್ನು ೧೯೮೧ರಲ್ಲಿ ಫ್ರಾನ್ಸ್ ಸರಕಾರವು ಮಾಡಿದ ನಿಯಮದಂತೆ ಆ ಮೇಲೆ ಮಾಡುವ ಪ್ರತಿಕೃತಿಗಳ ಮೇಲೆ ‘ಪ್ರತಿಕೃತಿ’ ಎಂಬ ಅರ್ಥದ ‘ರೆಪ್ರೊದ್ಯುಕ್ಸಿಯೋಂ’ ಎಂಬ ಮಾತು ಅಳಿಯದಂತೆ ಇರಬೇಕು. ಆ ಮಾತಿದ್ದ ಜಾಗವನ್ನು ಯಾರಾದರೂ ಅರದಿಂದ ಉಜ್ಜಿ ತೆಗೆದಿರುವರೇ ಎಂದೂ ನೋಡತಕ್ಕದ್ದು.

ಕಾಪಾಡುವ ಬಗೆ

ಗೃಹಿಣಿಯರಲ್ಲಿ ಒಂದು ಮಾತನ್ನು ವಿಜ್ಞಾಪಿಸಿಕೊಳ್ಳುತ್ತೇವೆ. ನಮ್ಮ ಮನೆಗಳಲ್ಲಿ ಹಿತ್ತಾಳೆ ತಾಮ್ರಗಳನ್ನು ಹುಣಸೆಹಣ್ಣಿನಿಂದ ತಿಕ್ಕಿ ಥಳಥಳಿಸುವಂತೆ ಮಾಡುವುದು ಶುಚಿತ್ವದ ಲಕ್ಷಣ. ಈ ವಿಗ್ರಹಗಳಿಗೆ ಮಾತ್ರ ಆ ಉಪಚಾರವು ಕೂಡದು. ಬಣ್ಣವು ಕೊಳೆಯಲ್ಲ, ಅದು ಶಿಲ್ಪದ ಒಂದು ಅಂಗ. ಹಬ್ಬದ ದಿನ ಒಮ್ಮೆ ಹುಣಸೆಹಣ್ಣು ಸೋಕಿದರೆ ನೂರೈವತ್ತು ವರ್ಷಗಳ ಬಣ್ಣವು ಹೋಗಿ, ಶಿಲ್ಪಿಯೇ ಬಂದರೂ ಗುರುತಿಸದಂತಾಗುವುದು. ಮೆತ್ತನೆಯ ಒಣ ಬಟ್ಟೆಯಿಂದ ಧೂಳನ್ನು ಒರಸಿದರೆ ಸಾಕು. ಒದ್ದೆಯ ಗೋಡೆಯ ಬಳಿ ಇಡಬಾರದು. ಎತ್ತುವಾಗ ಬಾಲವನ್ನಾಗಲಿ ಕೊಂಬನ್ನಾಗಲಿ ಹಿಡಿಯದೆ ಪೀಠವನ್ನು ಹಿಡಿಯಬೇಕು.

ಸಂಗ್ರಹದ ಪುರುಷಾರ್ಥ

ದೊಡ್ಡ ಸಂಗ್ರಹಕಾರರ ಕಥೆಯೂ ಇಲ್ಲಿ ಸ್ಮರಣೀಯವಾಗಿದೆ. ಬಾಲ್ಟಿಮೋರಿನ ವಿಲಿಯಂ ವಾಲ್ಟರ್ಸ್ ಎಂಬ ವರ್ತಕನು ಬಾರೀಯು ಬದುಕಿರುವಾಗಲೇ ಅವನ ಕೃತಿಗಳನ್ನು ಕೂಡಿಸಿದನು. ಅವನ ಪ್ರೇರಣೆಯಿಂದ ವಾಷಿಂಗ್‌ಟನ್ನಿನ ಕೊರ್ಕೊರನ್ ಕಲಾಶಾಲೆಯವರು ೧೮೭೩ರಲ್ಲಿ ಬಾರೀಯ ಕಂಚುಗಳಲ್ಲಿ ನೂರಕ್ಕೂ ಹೆಚ್ಚನ್ನು ಅವನಿಂದಲೇ ತರಿಸಿಕೊಂಡರು. ಸ್ವದೇಶದಲ್ಲಿ ದಿವಾಳಿಯಾದವನಿಗೆ ಸಮುದ್ರದಾಚೆಯ ಈ ಆದರವು ಮುಪ್ಪಿನಲ್ಲಿ ದೊರೆಯಿತು. ಪ್ಯಾರಿಸ್ಸಿನಲ್ಲಿ ೧೮೯೪ರಲ್ಲಿ ಬಾರೀಯ ಸ್ಮಾರಕವನ್ನು ಸ್ಥಾಪಿಸಿ ಅವನ ಕಂಚುಗಳನ್ನು ಅದರ ಮೇಲೆ ನಿಲ್ಲಿಸಿದ್ದರು. ಎರಡನೆಯ ಮಹಾಯುದ್ಧದಲ್ಲಿ ನಗರವು ಶತ್ರುಗಳ ವಶವಾದಾಗ ಲೋಹಕ್ಕಾಗಿ ಆ ಕಂಚುಗಳನ್ನು ಕಿತ್ತು ಕುಲುಮೆಗೆ ಹಾಕಿದರು. ಬೀದಿಯ ಕಂಚು ಕರಗಿಹೋಯಿತು. ಗೃಹಸ್ಥರ ಕಪಾಟಿನಲ್ಲಿದ್ದ ಸಣ್ಣ ಕಂಚುಗಳು ಎಷ್ಟೋ ಉಳಿದುವು. ಒಂದೊಂದು ಮನೆಯೂ ಒಂದೊಂದು ಸಣ್ಣ ಭಂಡಾರವೆಂಬುದಕ್ಕೆ ಇದಕ್ಕಿಂತ ನಿದರ್ಶನವು ಬೇಕೆ?

ಬೆಲೆಯ ವಿಷಯದಲ್ಲಿ ಇಷ್ಟು ಹೇಳಿದರೆ ಸಾಕು. ಬುಗಾಟಿಯಂತಹವರ ಕೃತಿಗಳು ಹರಾಜಿನಲ್ಲಿ ಲಕ್ಷಗಟ್ಟಲೆ ಡಾಲರುಗಳಿಗೆ ಹೋಗುತ್ತವೆ. ಅವು ಗೃಹಸ್ಥರ ಮಾತಲ್ಲ. ಮೆನ್, ಮ್ವಾನ್ಯೆ ಮುಂತಾದವರ ಸಣ್ಣ ಪ್ರತಿಗಳು ಅಷ್ಟು ದುಬಾರಿಯಲ್ಲ. ಹತ್ತು ಮೊಂಡು ಪ್ರತಿಗಳಿಗಿಂತ ಒಂದು ಹರಿತವಾದ ಪ್ರತಿಯು ಮೇಲು. ಕೊಳ್ಳುವವನು ಮೊದಲು ನೋಡಬೇಕು, ಅನಂತರ ಅಳೆಯಬೇಕು, ಕಡೆಯಲ್ಲಿ ಕೊಳ್ಳಬೇಕು. ಮಾರುವವನಿಂದ ಎರಕಶಾಲೆಯ ಹೆಸರನ್ನೂ ಸುಮಾರು ಕಾಲವನ್ನೂ ಬರೆಯಿಸಿ ರಸೀದಿಯನ್ನು ಪಡೆಯಬೇಕು. ಕೊಳ್ಳಲಾರದವರೂ ನೋಡಬಹುದು. ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಐರೋಪ್ಯರ ಕಂಚಿನ ಶಿಲ್ಪಗಳನ್ನು ಇಟ್ಟಿದ್ದಾರೆ. ಆ ಕಡೆಗೆ ಪ್ರಯಾಣ ಮಾಡುವವರು ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬಹುದು.

ಹೆಸರನ್ನು ಕೊಳ್ಳುವುದು ಸುಲಭ. ಕೈಯನ್ನು ಗುರುತಿಸುವುದು ಕಷ್ಟ. ಬಾರೀಯು ಸಾಲಗಾರನಿಗೆ ಮಾದರಿಗಳನ್ನು ಒಪ್ಪಿಸಬೇಕಾಯಿತು. ಹೆಸರೂ ಅವುಗಳೊಡನೆ ಹೋಯಿತು. ಒಪ್ಪಿಸಲಾಗದೆ ಉಳಿದುದು ಅವನ ಕೈಯೊಂದೇ. ಅವನು ತಿದ್ದಿದ ಸಿಂಹದ ಕೊರಳಿನ ಗೆರೆಯನ್ನೂ ತಿದ್ದದೆ ಬಿಟ್ಟ ಪ್ರತಿಯ ಮೊಂಡು ಗೆರೆಯನ್ನೂ ಬೇರ್ಪಡಿಸಿ ನೋಡಬಲ್ಲ ಸಂಗ್ರಹಕಾರನು, ಆ ಶಿಲ್ಪಿಗೆ ಬದುಕಿದ್ದಾಗ ಸಲ್ಲಬೇಕಾಗಿದ್ದ ನ್ಯಾಯದಲ್ಲಿ ಒಂದು ಪಾಲನ್ನು ಈಗ ಸಲ್ಲಿಸುತ್ತಾನೆ. ವಾಚಕರಿಗೆ ಅಂತಹ ಕಣ್ಣು ದೊರೆಯಲೆಂದು ಹಾರೈಸುತ್ತೇವೆ.